ಸಾಲಿನ ಮುಂದೆ ನಿಂತವರು ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ?

ಇಲ್ಲಿ ಕೂತವರಲ್ಲಿ ಅರ್ಧದಷ್ಟು ಜನ ಕಂಪ್ಯೂಟರ್ ಕಲಿಯುವ ಮಕ್ಕಳು. ಉಳಿದವರಲ್ಲಿ ಜಾಸ್ತಿ ಜನ ತೋಟ ಇರುವವರು. ಇವತ್ತಿನ ವಿಷಯ ಆಟೊಸ್ಕೇಲಿಂಗ್, ಅಂದರೆ ಕೆಲಸ ಜಾಸ್ತಿಯಾದಾಗ ಕಂಪ್ಯೂಟರಿನ ಆಳುಗಳು ತಾವಾಗಿ ಹೆಚ್ಚುವುದು, ಮುಗಿದಾಗ ತಾವಾಗಿ ಇಳಿಯುವುದು. ಆದರೆ ತೋಟದಿಂದಲೇ ಶುರು ಮಾಡುತ್ತೇನೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಮ್ಮ ಕಾಸರಗೋಡಿನ ಕಡೆ ಎಲ್ಲರಿಗೂ ಒಂದೇ ಚಿಂತೆ. ಅಡಿಕೆಗೆ ಮದ್ದು ಬಿಡಬೇಕು. ಬಿಡದಿದ್ದರೆ ಕೊಳೆರೋಗ ಬರುತ್ತದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಈ ಲೆಕ್ಕ ಇಲ್ಲಿನ ಮಕ್ಕಳಿಗೂ ಬಾಯಿಪಾಠ. 40-45 ದಿನ ಬಿಟ್ಟು ಇನ್ನೊಂದು ಸಲ. ಆದರೆ ಮಳೆ ಬಿಟ್ಟ ದಿನವೇ ಆಗಬೇಕು. ಬದಿಯಡ್ಕದಲ್ಲಿ ಬಿಸಿಲು ಬಂದ ದಿನ ಪೆರ್ಲದಲ್ಲೂ ಬಿಸಿಲು, ನೀರ್ಚಾಲಿನಲ್ಲೂ ಬಿಸಿಲು. ಮರ ಹತ್ತಿ ಮದ್ದು ಬಿಡುವವರಿಗೆ ಒಂದೇ ಬೆಳಗ್ಗೆ ಹತ್ತು ಮನೆಯಿಂದ ಫೋನು. ಹದಿನೈದು ದಿನ ಕಳೆದರೆ ಅದೇ ಜನ ಬೇರೆ ಕೆಲಸ ಹುಡುಕಿಕೊಳ್ಳಬೇಕು.

ವರ್ಷವಿಡೀ ಹತ್ತು ಜನರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ಯಾವ ತೋಟದವರಿಗೂ ಆಗುವುದಿಲ್ಲ. ಒಬ್ಬರನ್ನೇ ನಂಬಿ ಕೂತರೆ ಬಿಸಿಲಿನ ದಿನ ಕೈತಪ್ಪಿ ಹೋಗುತ್ತದೆ. ಕ್ಲೌಡ್‌ನಲ್ಲಿ, ಅಂದರೆ ಬಾಡಿಗೆಗೆ ಸಿಗುವ ದೂರದ ಕಂಪ್ಯೂಟರುಗಳಲ್ಲಿ, ಬ್ಯಾಕ್‌ಗ್ರೌಂಡ್ ವರ್ಕರ್‌ಗಳು ತಾವಾಗಿ ಹೆಚ್ಚು ಕಡಿಮೆ ಆಗುವ ಹಾಗೆ ಮಾಡುತ್ತೇವಲ್ಲ, ಆ ಆಟೊಸ್ಕೇಲಿಂಗ್‌ನ ಬೇರು ಇದೇ ಕಷ್ಟದಲ್ಲಿದೆ. ತೋಟದಲ್ಲಿ ಆಗದ್ದು ಅಲ್ಲಿ ಆಗುತ್ತದೆ. ಒಂದೆರಡು ನಿಮಿಷದಲ್ಲಿ ಹತ್ತು ಆಳು ಬರುತ್ತಾರೆ, ಕೆಲಸ ಮುಗಿದರೆ ಹೋಗುತ್ತಾರೆ, ಇದ್ದಷ್ಟು ಹೊತ್ತಿಗೆ ಮಾತ್ರ ದುಡ್ಡು. ಆದರೆ ಯಾವಾಗ ಕರೆಯಬೇಕು, ಯಾವಾಗ ಕಳಿಸಬೇಕು ಅಂತ ಯಂತ್ರಕ್ಕೆ ಹೇಳಿಕೊಡುವವರು ನಾವೇ. ಅದರಲ್ಲಿ ನಾವು ಮೂರು ಸಲ ದೊಡ್ಡದಾಗಿ ತಪ್ಪಿದೆವು. ಆ ಮೂರನ್ನೂ ಇವತ್ತು ಹೇಳುತ್ತೇನೆ.

ಮೊದಲು ಬ್ಯಾಕ್‌ಗ್ರೌಂಡ್ ಜಾಬ್ ಅಂದರೆ ಎಂತ ಅಂತ ನೋಡೋಣ. ನೀವು ಸೊಸೈಟಿಗೆ ಅಡಿಕೆ ತಗೊಂಡು ಹೋಗುತ್ತೀರಿ. ಕೌಂಟರಿನಲ್ಲಿ ಕೂತವರು ತೂಕ ಬರೆದು ಚೀಟಿ ಕೊಡುತ್ತಾರೆ. ನೀವು ಹೊರಡುತ್ತೀರಿ. ಒಳಗೆ ಇನ್ನೂ ಎಷ್ಟೋ ಕೆಲಸ ಬಾಕಿ ಉಂಟು. ಲೆಡ್ಜರಿಗೆ ಏರಿಸಬೇಕು, ಬಿಲ್ ಮಾಡಬೇಕು, ಬ್ಯಾಂಕಿಗೆ ಕಳಿಸಬೇಕು, ನಿಮ್ಮ ಮೊಬೈಲಿಗೆ ಮೆಸೇಜು ಹಾಕಬೇಕು. ಅದೆಲ್ಲ ಮುಗಿಯುವ ತನಕ ನಿಮ್ಮನ್ನು ಕೌಂಟರಿನ ಮುಂದೆಯೇ ನಿಲ್ಲಿಸಿದರೆ ಸಾಲು ರಸ್ತೆಯ ತನಕ ಬರುತ್ತದೆ, ಅಲ್ವಾ?

ವೆಬ್‌ಸೈಟಿನಲ್ಲೂ ಹೀಗೆಯೇ. ಕೌಂಟರಿನಲ್ಲಿ ಕೂತದ್ದು ವೆಬ್ ಪ್ರೋಸೆಸ್. ಒಳಗೆ ಕೂತದ್ದು ವರ್ಕರ್. ನಡುವೆ ಒಂದರ ಹಿಂದೆ ಒಂದು ಇಟ್ಟ ಚೀಟಿಗಳ ಸಾಲು, ಅದೇ ಕ್ಯೂ. ಈ ಚೀಟಿ ಎತ್ತಿ ಕೆಲಸ ಮಾಡಿಸಲು ರೂಬಿ ಭಾಷೆಯಲ್ಲಿ ಬರೆಯುವವರು ಸೈಡ್‌ಕಿಕ್ ಬಳಸುತ್ತಾರೆ, ಪೈತಾನ್‌ನವರು ಸೆಲೆರಿ. ಚೀಟಿಗಳನ್ನು ರೆಡಿಸ್ ಅನ್ನುವ ಚುರುಕಾದ ಡೇಟಾಬೇಸಿನಲ್ಲಿ ಇಡುವುದು ರೂಢಿ. ಅಮೆಜಾನಿನ ಕ್ಲೌಡ್‌ನಲ್ಲಿರುವವರು ಎಸ್‌ಕ್ಯೂಎಸ್ ಅನ್ನುವ ಅಮೆಜಾನಿನದೇ ಕ್ಯೂವಿನಲ್ಲೂ ಇಡುತ್ತಾರೆ. ನಮ್ಮ ಪ್ರೋಗ್ರಾಮನ್ನು ಬಾಡಿಗೆಗೆ ಓಡಿಸಿಕೊಡುವ ಹೆರೊಕುವಿನಲ್ಲಾದರೆ ಪ್ರಾಕ್‌ಫೈಲ್ ಅಂತ ಒಂದು ಸಣ್ಣ ಫೈಲು ಇರುತ್ತದೆ. ಅದರಲ್ಲಿ ವೆಬ್‌ಗೆ ಒಂದು ಸಾಲು, ವರ್ಕರ್‌ಗೆ ಒಂದು ಸಾಲು ಬರೆದರೆ ಸಾಕು. ಎರಡನ್ನೂ ಬೇರೆ ಬೇರೆಯಾಗಿ ಹೆಚ್ಚಿಸಬಹುದು. ಒಂದೊಂದು ಪ್ರೋಸೆಸ್ ಓಡುವ ಡಬ್ಬಿಗೆ ಅವರು ಡೈನೊ ಅನ್ನುತ್ತಾರೆ. ಬಾಡಿಗೆ ಸೆಕೆಂಡಿನ ಲೆಕ್ಕದಲ್ಲಿ.

ನಾವು ನಾಲ್ಕು ಜನ ಸೇರಿ ಸೊಸೈಟಿಗಳಿಗೆ, ಸಣ್ಣ ಅಡಿಕೆ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಮೆಸೇಜುಗಳೆಲ್ಲ ಕನ್ನಡದಲ್ಲೇ ಹೋಗುತ್ತವೆ. ಈ ಒಂದು ವಿಷಯದಲ್ಲಿ ನಾವು ಯಾರ ಮಾತನ್ನೂ ಕೇಳಲಿಲ್ಲ. ಇದಕ್ಕೆ ಖರ್ಚು ಉಂಟು. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್ಸಿನಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ 70. ಅದರಲ್ಲೂ ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. 'ಸ್ತ್ರೀ' ನಮಗೆ ಒಂದಕ್ಷರ, ಕಂಪ್ಯೂಟರಿಗೆ ಆರು. ಹಾಗಾಗಿ ನಮ್ಮ ಒಂದು ಮೆಸೇಜು ಒಳಗೊಳಗೆ ಎರಡು ಮೂರು ತುಂಡಾಗಿ ಹೋಗುತ್ತದೆ, ಪ್ರತಿ ತುಂಡಿಗೂ ದುಡ್ಡು. ಆದರೂ 1956ರಿಂದ ಕೇರಳದಲ್ಲಿದ್ದುಕೊಂಡು ಮನೆಯಲ್ಲಿ, ಶಾಲೆಯಲ್ಲಿ ಕನ್ನಡ ಉಳಿಸಿಕೊಂಡವರು ನಾವು. ತನ್ನ ಅಡಿಕೆಯ ದುಡ್ಡು ಎಷ್ಟು ಬಂತು ಅನ್ನುವುದನ್ನು ಒಬ್ಬ ಅಜ್ಜ ತನ್ನ ಭಾಷೆಯಲ್ಲಿ ಓದಬೇಕು. ಇದು ನಮ್ಮ ಹಟ.

ಈಗ ಮೊದಲನೇ ತಪ್ಪು.

ಒಂದು ಸೊಸೈಟಿಯವರು ವರ್ಷದ ಕೊನೆಯ ಲೆಕ್ಕವನ್ನು ತಮ್ಮ 4,000 ಸದಸ್ಯರಿಗೆ ಕಳಿಸಲು ಗುಂಡಿ ಒತ್ತಿದರು. ಬೆಳಗ್ಗೆ ಹತ್ತು ಗಂಟೆ. ಆ ಹೊತ್ತಿಗೆ ನಮ್ಮಲ್ಲಿ ಎರಡು ವರ್ಕರ್ ಇದ್ದವು. ಒಂದೊಂದರಲ್ಲಿ 5 ಥ್ರೆಡ್, ಅಂದರೆ ಒಂದು ವರ್ಕರ್ ಒಮ್ಮೆಗೆ ಐದು ಕೆಲಸ ಹಿಡಿಯುತ್ತದೆ. ಗೇಟ್‌ವೇ, ಅಂದರೆ ನಮ್ಮ ಮೆಸೇಜನ್ನು ಫೋನಿಗೆ ಮುಟ್ಟಿಸುವ ಹೊರಗಿನವರ ಸರ್ವರ್, ಆ ದಿನ ಒಂದೊಂದಕ್ಕೆ 3 ಸೆಕೆಂಡು ತಗೊಳ್ಳುತ್ತಿತ್ತು. ಆ ಮೂರು ಸೆಕೆಂಡು ನಮ್ಮ ವರ್ಕರ್ ಏನೂ ಮಾಡುವುದಿಲ್ಲ. ಸುಮ್ನೆ ಉತ್ತರಕ್ಕಾಗಿ ಕಾಯುತ್ತದೆ. ಕಾಯುವವರ ಸಿಪಿಯು, ಅಂದರೆ ಲೆಕ್ಕ ಮಾಡುವ ಚಿಪ್, ಬಿಸಿಯಾಗುವುದಿಲ್ಲ. ನಮ್ಮ ಆಟೊಸ್ಕೇಲರ್ ನೋಡುತ್ತಿದ್ದದ್ದು ಸಿಪಿಯುವನ್ನೇ. ಅದಕ್ಕೆ ಕಂಡದ್ದು ಇಷ್ಟೇ: ಇಬ್ಬರೂ ಖಾಲಿ ಕೂತಿದ್ದಾರೆ, ಒಬ್ಬ ಸಾಕು. ಸಾಲಿನಲ್ಲಿ ನಾಲ್ಕು ಸಾವಿರ ಚೀಟಿ ಇರುವಾಗ ಅದು ಒಂದು ವರ್ಕರನ್ನು ಮನೆಗೆ ಕಳಿಸಿತು.

ಲೆಕ್ಕ ಹಾಕಿ ನೋಡಿ. 4,000 ಕೆಲಸ, ಒಂದೊಂದಕ್ಕೆ 3 ಸೆಕೆಂಡು, ಒಮ್ಮೆಗೆ ಐದು. 2,400 ಸೆಕೆಂಡು. ನಲವತ್ತು ನಿಮಿಷ. ಲೆಕ್ಕದ ಮೆಸೇಜು ನಲವತ್ತು ನಿಮಿಷ ತಡವಾದರೆ ಯಾರಿಗೂ ನಷ್ಟ ಇಲ್ಲ. ಆದರೆ ಅದೇ ಸಾಲಿನ ಹಿಂದೆ ಒಟಿಪಿಗಳು ನಿಂತಿದ್ದವು. ಬೇರೆ ಊರಿನ ಒಂದು ಅಂಗಡಿಯವರು ಲಾಗಿನ್ ಆಗಲು ನೋಡುತ್ತಿದ್ದಾರೆ, ಒಟಿಪಿ ಬರುವುದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ, ಮತ್ತೊಂದು ಚೀಟಿ ಸಾಲಿನ ಬಾಲಕ್ಕೆ ಸೇರುತ್ತದೆ. ಬರುವ ಹೊತ್ತಿಗೆ ಅದರ ಐದು ನಿಮಿಷದ ಗಡುವು ಮುಗಿದಿರುತ್ತದೆ. ಅಂಗಡಿಯ ಮುಂದೆ ಜೀಪಿನಲ್ಲಿ ಅಡಿಕೆ ಗೋಣಿ ಇಟ್ಟುಕೊಂಡು ಜನ ಕಾಯುತ್ತಿದ್ದರು. ನಮ್ಮ ಪರದೆಯಲ್ಲಿ ಎಲ್ಲವೂ ಹಸಿರು. ಸಿಪಿಯು ನೂರಕ್ಕೆ ಹತ್ತರಷ್ಟು ಕೂಡ ಇಲ್ಲ.

ಆ ದಿನ ಸಂಜೆ ಕೂತು ಯೋಚಿಸಿದೆವು. ಸಿಪಿಯು ಬೇಡ ಅಂತಾಯಿತು. ಹಾಗಾದರೆ ಯಾವುದನ್ನು ಅಳೆಯಬೇಕು? ನಮಗೆ ಮೊದಲು ಹೊಳೆದದ್ದು ಸಾಲಿನ ಉದ್ದ. ಸಾಲಿನಲ್ಲಿ 500 ಚೀಟಿ ದಾಟಿದರೆ ಇನ್ನೊಂದು ವರ್ಕರ್ ಕರೆಯೋಣ ಅಂತ. ಜಾಸ್ತಿ ಜನ ಇಲ್ಲೇ ನಿಲ್ಲುತ್ತಾರೆ. ಆದರೆ ಈ 500 ಎಲ್ಲಿಂದ ಬಂತು? ಲೆಡ್ಜರಿಗೆ ಒಂದು ಸಾಲು ಏರಿಸುವ 500 ಕೆಲಸ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಕನ್ನಡ ಅಕ್ಷರ ಕೂಡಿಸಿ ಪಿಡಿಎಫ್ ಮಾಡುವ 500 ಕೆಲಸಕ್ಕೆ ಅರ್ಧ ಗಂಟೆಯೂ ಬೇಕಾದೀತು. ಉದ್ದ ಒಂದೇ, ಕಾಯುವವರ ಕಷ್ಟ ಬೇರೆ ಬೇರೆ. ಇವತ್ತು ಸರಿಯಾಗಿ ಕೂತ ಸಂಖ್ಯೆ, ನಾಳೆ ಕೆಲಸ ಸ್ವಲ್ಪ ನಿಧಾನವಾದರೆ ತಪ್ಪಾಗುತ್ತದೆ.

ರೇಷನ್ ಅಂಗಡಿಯ ಸಾಲು ನೆನಪು ಮಾಡಿಕೊಳ್ಳಿ. ನೀವು ಹೋಗಿ ನಿಂತಾಗ ಮುಂದಿನವರನ್ನು ಎಂತ ಕೇಳುತ್ತೀರಿ? 'ಎಷ್ಟು ಹೊತ್ತಾಯಿತು ನೀವು ಬಂದು?' ಅಂತ. 'ಒಂದು ಗಂಟೆ' ಅಂದರೆ ನಿಮಗೆ ಎಲ್ಲ ಗೊತ್ತಾಯಿತು. ಒಳಗಿರುವವರು ಚುರುಕೋ ನಿಧಾನವೋ, ಸರ್ವರ್ ಹೋಗಿದೆಯೋ, ಎಲ್ಲವೂ ಆ ಒಂದೇ ಉತ್ತರದಲ್ಲಿ ಸೇರಿಕೊಂಡಿದೆ. ಕ್ಯೂವಿಗೂ ಇದೇ ಪ್ರಶ್ನೆ ಕೇಳಬೇಕು. ಸಾಲಿನ ಮುಂದೆ ನಿಂತ ಚೀಟಿ ಬಂದು ಎಷ್ಟು ಹೊತ್ತಾಯಿತು? ಸೈಡ್‌ಕಿಕ್‌ನಲ್ಲಿ ಇದಕ್ಕೆ ಲೇಟೆನ್ಸಿ ಅನ್ನುತ್ತಾರೆ. ಪ್ರತಿ ಕ್ಯೂವಿಗೂ ಒಂದು ಸಂಖ್ಯೆ, ಸೆಕೆಂಡಿನಲ್ಲಿ. ಎಸ್‌ಕ್ಯೂಎಸ್‌ನವರೂ ಅತ್ಯಂತ ಹಳೆಯ ಮೆಸೇಜಿನ ವಯಸ್ಸು ಅಂತ ಒಂದು ಅಳತೆ ಕೊಡುತ್ತಾರೆ.

ಹೆರೊಕುವಿನ ಸ್ವಂತ ಆಟೊಸ್ಕೇಲಿಂಗ್ ಮಾಡಿದ್ದು ವೆಬ್ ಡೈನೊಗಳಿಗಾಗಿ. ಅದು ನೋಡುವುದು, ನೂರರಲ್ಲಿ 95 ಸಲ ಎಷ್ಟು ಹೊತ್ತಿನೊಳಗೆ ಉತ್ತರ ಹೋಯಿತು ಅನ್ನುವುದನ್ನು. ಕೌಂಟರಿಗೆ ಅದು ಸರಿ. ಒಳಗಿನ ವರ್ಕರ್‌ಗೆ ಉತ್ತರ ಕೊಡುವ ಗಿರಾಕಿಯೇ ಇಲ್ಲ, ಹಾಗಾಗಿ ಆ ಅಳತೆ ಅಲ್ಲಿಗೆ ಬರುವುದಿಲ್ಲ. ಅದಕ್ಕೆ ಹೈರ್‌ಫೈರ್, ಜೂಡೊಸ್ಕೇಲ್ ಇಂಥ ಹೊರಗಿನ ಆಟೊಸ್ಕೇಲರ್‌ಗಳನ್ನು ಜೋಡಿಸಿಕೊಳ್ಳುತ್ತಾರೆ. ಹಲವು ಯಂತ್ರಗಳಲ್ಲಿ ಪ್ರೋಗ್ರಾಮುಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟೀಸ್ ಬಳಸುವವರಿಗೆ ಕೆಡಾ ಅನ್ನುವ ಆಟೊಸ್ಕೇಲರ್ ಉಂಟು. ಮೈಕ್ರೊಸಾಫ್ಟ್ ಮತ್ತು ರೆಡ್ ಹ್ಯಾಟ್‌ನವರು ಸೇರಿ 2019ರಲ್ಲಿ ಹೊರತಂದದ್ದು. ಯಾವುದನ್ನು ಹಿಡಿದರೂ ಅದು ಕಾಯುವ ಹೊತ್ತನ್ನು ನೋಡುವ ಹಾಗೆ ಮಾಡಬಹುದು. ಉಪಕರಣದ ಆಯ್ಕೆಯ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಅಳತೆ ಸರಿ ಇದ್ದರೆ ಉಪಕರಣ ಹೇಗೂ ಆಗುತ್ತದೆ.

ಇದರಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. ಕಾಯುವ ಹೊತ್ತು ಎಷ್ಟಾದರೆ ಜಾಸ್ತಿ? ಒಟಿಪಿಗೆ ಹತ್ತು ಸೆಕೆಂಡೇ ಜಾಸ್ತಿ. ಬಿಲ್ಲಿಗೆ ಎರಡು ನಿಮಿಷ ನಡೆಯುತ್ತದೆ. ವರ್ಷದ ಲೆಕ್ಕ ನಾಳೆ ಬೆಳಗ್ಗೆ ಬಂದರೂ ಯಾರೂ ಬೇಸರ ಮಾಡುವುದಿಲ್ಲ. ಇವು ಮೂರೂ ಒಂದೇ ಸಾಲಿನಲ್ಲಿ ನಿಂತಿದ್ದದ್ದೇ ನಮ್ಮ ಮೂಲ ತಪ್ಪು. ಮೊದಲು ನಮ್ಮ ಕ್ಯೂಗಳ ಹೆಸರು 'ಮೆಸೇಜು', 'ಪಿಡಿಎಫ್', 'ಬ್ಯಾಂಕು' ಅಂತ ಇತ್ತು. ಎಲ್ಲ ಅಳಿಸಿದೆವು. ಈಗ ಕ್ಯೂಗಳ ಹೆಸರು 'ಐದು ಸೆಕೆಂಡು', 'ಎರಡು ನಿಮಿಷ', 'ನಾಳೆ ಬೆಳಗ್ಗೆ'. ಹೊಸದಾಗಿ ಸೇರಿದ ಹುಡುಗಿ ಒಂದು ಕೆಲಸವನ್ನು ಯಾವ ಕ್ಯೂವಿಗೆ ಹಾಕಲಿ ಅಂತ ಕೇಳಿದರೆ, ನಾವು ತಿರುಗಿ ಕೇಳುತ್ತೇವೆ: ಇದು ಎಷ್ಟು ಹೊತ್ತಿನೊಳಗೆ ಆಗಬೇಕು? ಅಷ್ಟೇ. ಆಟೊಸ್ಕೇಲರ್‌ಗೂ ಬೇರೆ ಲೆಕ್ಕ ಹೇಳಿಕೊಡುವುದು ಬೇಡ. ಹೆಸರಿನಲ್ಲೇ ಗಡುವು ಉಂಟು.

'ನಾಳೆ ಬೆಳಗ್ಗೆ' ಕ್ಯೂವಿಗೆ ಒಂದೇ ಒಂದು ವರ್ಕರ್. ಅದನ್ನು ಹೆಚ್ಚಿಸುವುದೇ ಇಲ್ಲ. ನಮ್ಮ ಗುಡ್ಡಗಳಲ್ಲಿ ಅಜ್ಜಂದಿರು ಕೊರೆದ ಸುರಂಗಗಳು ಇವೆಯಲ್ಲ? ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದದ್ದು. ಪಂಪ್ ಇಲ್ಲ, ಕರೆಂಟ್ ಇಲ್ಲ, ಬೆರಳು ದಪ್ಪದ ನೀರು. ಹಗಲು ನೋಡಿದವರಿಗೆ ಇದರಲ್ಲಿ ಎಂತ ಆಗುತ್ತದೆ ಅನ್ನಿಸುತ್ತದೆ. ರಾತ್ರಿಯಿಡೀ ಹರಿದು ಬೆಳಗ್ಗೆ ಟಾಂಕಿ ತುಂಬಿರುತ್ತದೆ. ನಾಲ್ಕು ಸಾವಿರ ಲೆಕ್ಕದ ಮೆಸೇಜಿಗೆ ಒಂದು ವರ್ಕರ್ ಹಾಗೆ ಧಾರಾಳ ಸಾಕು. ಯಾವುದಕ್ಕೆ ಸ್ಕೇಲಿಂಗ್ ಬೇಡ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಖರ್ಚಿನಲ್ಲಿ ದೊಡ್ಡ ಉಳಿತಾಯ ನಮಗೆ ಅಲ್ಲೇ ಆಯಿತು.

ಎಷ್ಟು ವರ್ಕರ್ ಕರೆಯಬೇಕು ಅನ್ನುವುದಕ್ಕೆ ಒಂದು ಸರಳ ಲೆಕ್ಕ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳಿ. ಗಡುವು 60 ಸೆಕೆಂಡು. ಒಂದು ಕೆಲಸಕ್ಕೆ 2 ಸೆಕೆಂಡು. ಹಾಗಾದರೆ ಒಂದು ಥ್ರೆಡ್ ಗಡುವಿನೊಳಗೆ 30 ಕೆಲಸ ಮಾಡುತ್ತದೆ, 5 ಥ್ರೆಡ್ ಇರುವ ವರ್ಕರ್ 150 ಮಾಡುತ್ತದೆ. ಸಾಲಿನಲ್ಲಿ 1,200 ಇದ್ದರೆ 8 ವರ್ಕರ್ ಬೇಕು. ಸಾಲಿನ ಉದ್ದ ಇಲ್ಲಿ ಕೆಲಸಕ್ಕೆ ಬಂತು, ನೋಡಿ. ಆದರೆ ಗಡುವಿನ ಜೊತೆ ಸೇರಿ ಬಂತು, ಒಂಟಿಯಾಗಿ ಬರಲಿಲ್ಲ.

ಈ ಸಾಲಿನ ಲೆಕ್ಕ ಕಂಪ್ಯೂಟರಿಗಿಂತ ಹಳೆಯದು. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಅನ್ನುವ ಗಣಿತಜ್ಞ, ಫೋನ್ ಕರೆಗಳು ಹೇಗೆ ಹೇಗೆ ಬರುತ್ತವೆ ಅನ್ನುವ ಲೆಕ್ಕವನ್ನು 1909ರಲ್ಲೇ ಬರೆದರು. ಅವರು ಹಾಕಿದ ದಾರಿಯಲ್ಲಿ ಆಮೇಲೆ ಬೆಳೆದ ಲೆಕ್ಕದಲ್ಲಿ ಒಂದು ವಿಷಯ ನನಗೆ ಕಣ್ಣು ತೆರೆಸಿತು. ಕೆಲಸಗಳು ಹೇಗೆಂದರೆ ಹಾಗೆ ಬರುತ್ತಿವೆ, ಮಾಡುವವನು ಒಬ್ಬ ಅಂತ ಇಟ್ಟುಕೊಳ್ಳಿ. ಅವನು ಅರ್ಧ ಹೊತ್ತು ದುಡಿಯುತ್ತಿದ್ದರೆ, ಬಂದವರು ಸರಾಸರಿ ಒಂದು ಕೆಲಸದಷ್ಟು ಹೊತ್ತು ಕಾಯುತ್ತಾರೆ. ನೂರಕ್ಕೆ 80ರಷ್ಟು ದುಡಿಯುತ್ತಿದ್ದರೆ ನಾಲ್ಕು ಕೆಲಸದಷ್ಟು. 90 ಆದರೆ ಒಂಬತ್ತು. 95 ಆದರೆ ಹತ್ತೊಂಬತ್ತು. 90ರಿಂದ 95ಕ್ಕೆ ಹೋಗುವುದು ನಮಗೆ ಸಣ್ಣ ವಿಷಯ ಅನ್ನಿಸುತ್ತದೆ, ಕಾಯುವವರಿಗೆ ಅದು ಎರಡರಷ್ಟು. ವರ್ಕರ್ ಖಾಲಿ ಕೂತರೆ ದುಡ್ಡು ದಂಡ ಅಂತ ಒಂದು ಕಾಲದಲ್ಲಿ ನಾನು ವಾದ ಮಾಡುತ್ತಿದ್ದೆ. ಆ ಸ್ವಲ್ಪ ಖಾಲಿ ಹೊತ್ತಿನಿಂದಲೇ ಸಾಲು ಬೆಳೆಯದೆ ಉಳಿಯುವುದು. ಈಗ ಆ ವಾದ ಮಾಡುವುದಿಲ್ಲ.

ಏರಿಸುವುದು, ಇಳಿಸುವುದು ಎರಡೂ ಒಂದೇ ವೇಗದಲ್ಲಿ ಆಗಬಾರದು. ಸಾಲು ಬೆಳೆದರೆ ಕೂಡಲೇ ಕರೆಯಿರಿ. ಕಳಿಸುವಾಗ ಸ್ವಲ್ಪ ತಡೆದು ನೋಡಿ. ಒಂದು ಮಳೆ ಬಿಟ್ಟಿತು ಅಂತ ಕೊಡೆ ಮಡಚಿ ಅಟ್ಟಕ್ಕೆ ಹಾಕುವುದಿಲ್ಲವಲ್ಲ. ಕುಬರ್ನೆಟೀಸ್‌ನಲ್ಲಿ ನೀವು ಏನೂ ಬದಲಿಸದಿದ್ದರೆ, ಏರಿಸಲು ತಡ ಇಲ್ಲ, ಇಳಿಸುವ ಮೊದಲು ಹಿಂದಿನ 300 ಸೆಕೆಂಡಿನ ಲೆಕ್ಕ ನೋಡುತ್ತದೆ. ಐದು ನಿಮಿಷ. ನಮಗೆ ಅದು ಸರಿಯಾಗಿ ಹೊಂದಿತು. ಇಲ್ಲದಿದ್ದರೆ ನಿಮಿಷಕ್ಕೊಮ್ಮೆ ಬರುವುದು, ಹೋಗುವುದು. ಒಂದು ವರ್ಕರ್ ಎದ್ದು ತಯಾರಾಗಲು ಅರ್ಧ ನಿಮಿಷ ಬೇಕಾದರೆ, ಆ ಅರ್ಧ ನಿಮಿಷಕ್ಕೂ ದುಡ್ಡು ಕೊಟ್ಟು ಕೆಲಸ ಮಾತ್ರ ಸಿಗುವುದಿಲ್ಲ.

ಮೊದಲೇ ಗೊತ್ತಿರುವ ನೂಕುನುಗ್ಗಲಿಗೆ ಆಟೊಸ್ಕೇಲರ್‌ಗಾಗಿ ಕಾಯಬೇಡಿ. ಜಾತ್ರೆಯ ದಿನ ಪಂಕ್ತಿ ತುಂಬಿದ ಮೇಲೆ ಯಾವ ದೇವಸ್ಥಾನದಲ್ಲೂ ಅಕ್ಕಿ ಹಾಕುವುದಿಲ್ಲ. ತಿಂಗಳ ಒಂದನೇ ತಾರೀಕು, ಸೊಸೈಟಿಯ ಖರೀದಿ ದಿನ, ಇವು ಕ್ಯಾಲೆಂಡರಿನಲ್ಲೇ ಇವೆ. ಬೆಳಗ್ಗೆ ಒಂಬತ್ತೂವರೆಗೆ ವರ್ಕರ್ ನಾಲ್ಕಕ್ಕೇರಲಿ ಅಂತ ಬರೆದಿಟ್ಟರೆ ಮುಗಿಯಿತು.

ಎರಡನೇ ತಪ್ಪಿಗೆ ಬರುತ್ತೇನೆ. ಇದನ್ನು ಹೇಳುವಾಗ ನನಗೆ ಈಗಲೂ ಸ್ವಲ್ಪ ಬೇಸರ.

ಒಬ್ಬರು ಅಜ್ಜ ನಮ್ಮ ಆಫೀಸಿಗೆ ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಫೋನು. 'ನೋಡಿ ಮಾರಾಯ್ರೆ, ನಾನು ಅಡಿಕೆ ಕೊಟ್ಟದ್ದು ಒಂದೇ ಸಲ. ದುಡ್ಡು ಬಂದಿದೆ ಅಂತ ಎರಡು ಸಲ ಉಂಟು. ಒಂದನ್ನು ವಾಪಸ್ ತೆಗೆದುಕೊಳ್ಳಿ' ಅಂದರು. ದುಡ್ಡು ಹೋದದ್ದು ಒಂದೇ ಸಲ. ಮೆಸೇಜು ಮಾತ್ರ ಎರಡು ಸಲ ಹೋಗಿತ್ತು. ತನ್ನದಲ್ಲದ ದುಡ್ಡು ತನ್ನ ಹತ್ತಿರ ಉಳಿಯಬಾರದು ಅಂತ ಅವರು ಅರ್ಧ ದಿನ ಕಳೆದು ಬಂದಿದ್ದರು. ಅವರಿಗೆ ಚಹಾ ಕೊಟ್ಟು, ಬ್ಯಾಂಕಿನ ಲೆಕ್ಕ ತೋರಿಸಿ ಸಮಾಧಾನ ಮಾಡಿದೆವು. ಆಮೇಲೆ ಕಾರಣ ಹುಡುಕಿದೆವು.

ಆಟೊಸ್ಕೇಲರ್ ಒಂದು ವರ್ಕರನ್ನು ಇಳಿಸುವಾಗ ಅದಕ್ಕೆ ಮೊದಲು ಸಿಗ್‌ಟರ್ಮ್ ಅನ್ನುವ ಸೂಚನೆ ಹೋಗುತ್ತದೆ. ಹೊಸ ಕೆಲಸ ಹಿಡಿಯಬೇಡ, ಕೈಯಲ್ಲಿರುವುದನ್ನು ಮುಗಿಸು ಅಂತ ಅರ್ಥ. ಹೆರೊಕುವಿನಲ್ಲಿ ಇದಕ್ಕೆ 30 ಸೆಕೆಂಡು ಸಿಗುತ್ತದೆ. ಕುಬರ್ನೆಟೀಸ್‌ನಲ್ಲೂ ನೀವು ಬದಲಿಸದಿದ್ದರೆ 30. ಅದು ಕಳೆದ ಮೇಲೆ ಸಿಗ್‌ಕಿಲ್. ಅದರ ಮುಂದೆ ಯಾವ ಬೇಡಿಕೆಯೂ ನಡೆಯುವುದಿಲ್ಲ, ಅರ್ಧ ಆದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸೈಡ್‌ಕಿಕ್ 25 ಸೆಕೆಂಡು ಕಾದು, ಮುಗಿಯದ ಕೆಲಸಗಳನ್ನು ತಿರುಗಿ ಸಾಲಿಗೆ ಹಾಕಿ ಹೊರಡುತ್ತದೆ. ಎಸ್‌ಕ್ಯೂಎಸ್‌ನ ಕ್ರಮ ಬೇರೆ. ಅಲ್ಲಿ ಚೀಟಿಯನ್ನು ಎತ್ತಿಕೊಂಡರೂ ಅದು ಅಳಿಸಿ ಹೋಗುವುದಿಲ್ಲ, ಸ್ವಲ್ಪ ಹೊತ್ತು ಬೇರೆಯವರಿಗೆ ಕಾಣದ ಹಾಗೆ ಇರುತ್ತದೆ. ನೀವು ಬದಲಿಸದಿದ್ದರೆ ಆ ಹೊತ್ತು ಕೂಡ 30 ಸೆಕೆಂಡು. ಅಷ್ಟರಲ್ಲಿ ಮುಗಿಯಿತು ಅಂತ ವರ್ಕರ್ ಹೇಳದಿದ್ದರೆ ಚೀಟಿ ಮತ್ತೆ ಸಾಲಿನಲ್ಲಿ ಕಾಣಿಸುತ್ತದೆ.

ನಮ್ಮ ಕೆಲಸದಲ್ಲಿ ಮೂರು ಹೆಜ್ಜೆ ಇತ್ತು. ಬಿಲ್ ಮಾಡು, ಮೆಸೇಜು ಕಳಿಸು, ಮುಗಿಯಿತು ಅಂತ ಬರೆ. ಎರಡನೇ ಹೆಜ್ಜೆ ಆದ ಮೇಲೆ, ಮೂರನೆಯದಕ್ಕೆ ಮೊದಲು ವರ್ಕರ್ ಹೋಯಿತು. ಚೀಟಿ ತಿರುಗಿ ಸಾಲಿಗೆ ಬಂತು. ಇನ್ನೊಂದು ವರ್ಕರ್ ಅದನ್ನು ಎತ್ತಿಕೊಂಡು ಮೊದಲಿನಿಂದ ಮಾಡಿತು. ಎರಡು ವರ್ಕರ್ ಮಾತ್ರ ಇದ್ದಾಗ, ಅವು ಬಂದು ಹೋಗುವುದು ಅಪರೂಪ ಇದ್ದಾಗ, ಈ ತಪ್ಪು ಒಳಗೇ ಇತ್ತು, ಕಾಣುತ್ತಿರಲಿಲ್ಲ. ಆಟೊಸ್ಕೇಲಿಂಗ್ ಬಂದ ಮೇಲೆ ದಿನಕ್ಕೆ ಹತ್ತಾರು ಸಲ ವರ್ಕರ್‌ಗಳು ಬಂದು ಹೋಗತೊಡಗಿದವು. ಮುಚ್ಚಿಕೊಂಡಿದ್ದ ತಪ್ಪು ಅಜ್ಜನ ಫೋನಿನಲ್ಲಿ ಕಾಣಿಸಿಕೊಂಡಿತು.

ಹಾಗಾಗಿ ಮಕ್ಕಳೇ, ಆಟೊಸ್ಕೇಲಿಂಗ್ ಹಾಕುವ ಮೊದಲು ನಿಮ್ಮ ಪ್ರತಿ ಕೆಲಸವನ್ನೂ ಎದುರಿಗೆ ಇಟ್ಟುಕೊಂಡು ಕೇಳಿ: ಇದು ಎರಡು ಸಲ ಆದರೆ ಎಂತ ಆಗುತ್ತದೆ? ಎರಡು ಸಲ ಆದರೂ ಫಲ ಒಂದೇ ಇರುವ ಹಾಗೆ ಬರೆಯಬೇಕು. ನಾವು ಈಗ ಪ್ರತಿ ಖರೀದಿಗೂ ಒಂದು ನಂಬರು ಕೊಡುತ್ತೇವೆ. ಮೆಸೇಜು ಕಳಿಸುವ ಮೊದಲು ಆ ನಂಬರಿನಲ್ಲಿ 'ಕಳಿಸುತ್ತಿದ್ದೇನೆ' ಅಂತ ಡೇಟಾಬೇಸಿನಲ್ಲಿ ಬರೆಯುತ್ತೇವೆ. ಒಂದೇ ನಂಬರು ಎರಡು ಸಲ ಬರೆಯಲು ಡೇಟಾಬೇಸೇ ಬಿಡುವುದಿಲ್ಲ. ಇದರಲ್ಲೂ ಒಂದು ಸಣ್ಣ ಸಂದು ಉಳಿಯುತ್ತದೆ. ಬರೆದ ಮೇಲೆ, ಕಳಿಸುವ ಮೊದಲು ವರ್ಕರ್ ಹೋದರೆ ಮೆಸೇಜು ಹೋಗುವುದೇ ಇಲ್ಲ. ಅಂಥವನ್ನು ಹುಡುಕಿ, ಹೋಗಿದೆಯಾ ಅಂತ ಗೇಟ್‌ವೇಯ ವರದಿಯೊಂದಿಗೆ ತಾಳೆ ನೋಡುವ ಇನ್ನೊಂದು ಕೆಲಸ ಗಂಟೆಗೊಮ್ಮೆ ಓಡುತ್ತದೆ. ದುಡ್ಡಿನ ವಿಷಯಕ್ಕೆ ಇಷ್ಟು ಜಾಗ್ರತೆ ಬೇಕೇ ಬೇಕು.

ಇನ್ನೊಂದು, ಉದ್ದದ ಕೆಲಸವನ್ನು ತುಂಡು ಮಾಡಿ. ಮೊದಲು ನಮ್ಮಲ್ಲಿ 'ಎಲ್ಲ ಸದಸ್ಯರ ಪಿಡಿಎಫ್ ಮಾಡು' ಅಂತ ಒಂದೇ ಚೀಟಿ ಇತ್ತು, ಮುಗಿಯಲು ಒಂದು ಗಂಟೆ. ಸುಲಿಯಲು ಬಂದ ಒಬ್ಬರ ಮುಂದೆಯೇ ಅಟ್ಟದ ಅಡಿಕೆ ಎಲ್ಲ ಸುರಿದ ಹಾಗೆ. ಅವರು ಎದ್ದು ಹೋದರೆ ಎಷ್ಟು ಆಯಿತು, ಎಷ್ಟು ಉಳಿಯಿತು ಅಂತ ಯಾರಿಗೂ ಗೊತ್ತಿಲ್ಲ. ಹೆರೊಕುವಿನಲ್ಲಿ ಡೈನೊಗಳು ದಿನಕ್ಕೊಮ್ಮೆಯಾದರೂ ತಾವಾಗಿ ರಿಸ್ಟಾರ್ಟ್ ಆಗುತ್ತವೆ, ಆಟೊಸ್ಕೇಲಿಂಗ್ ಇಲ್ಲದಿದ್ದರೂ. ಈಗ ಒಬ್ಬ ಸದಸ್ಯನಿಗೆ ಒಂದು ಚೀಟಿ. ಒಂದು ಹೋದರೆ ಒಂದೇ ಹೋಯಿತು.

ಮೂರನೇ ತಪ್ಪು ಮಿತಿಯದ್ದು. ಮೊದಲಿನ ಎರಡನ್ನೂ ಸರಿ ಮಾಡಿದ ಹುರುಪಿನಲ್ಲಿ 20 ವರ್ಕರ್ ತನಕ ಏರಲಿ ಅಂತ ಬಿಟ್ಟೆವು. ಒಂದು ದಿನ ಅದು ನಿಜವಾಗಿ 20ಕ್ಕೆ ಏರಿತು. ಇಪ್ಪತ್ತು ವರ್ಕರ್, ಒಂದೊಂದರಲ್ಲಿ ಐದು ಥ್ರೆಡ್, ಪ್ರತಿ ಥ್ರೆಡ್‌ಗೂ ಡೇಟಾಬೇಸಿಗೆ ಒಂದು ಸಂಪರ್ಕ. ನೂರು. ನಮ್ಮ ಡೇಟಾಬೇಸು ಪೋಸ್ಟ್‌ಗ್ರೆಸ್, ಅದರಲ್ಲಿ ಯಾರೂ ಏನೂ ಬದಲಿಸಿರಲಿಲ್ಲ. ಬದಲಿಸದಿದ್ದರೆ ಒಟ್ಟು ಸಂಪರ್ಕ 100, ಅದರಲ್ಲಿ 3 ಮೇಲ್ವಿಚಾರಕರಿಗೆ ಮೀಸಲು. ಉಳಿದ 97ರಲ್ಲಿ ವೆಬ್‌ಗೂ ಪಾಲು ಬೇಕು. ಒಳಗಿನವರೆಲ್ಲ ಸೇರಿ ಬಾಗಿಲು ತುಂಬಿಸಿಬಿಟ್ಟರು, ಕೌಂಟರಿನಲ್ಲಿ ಕೂತವನಿಗೇ ಲೆಡ್ಜರ್ ಸಿಗಲಿಲ್ಲ. ಸೈಟು ನಿಂತಿತು.

ತೋಟದವರಿಗೆ ಇದು ಕೂಡಲೇ ಅರ್ಥ ಆಗುತ್ತದೆ. ಹತ್ತು ಜನ ಪೈಪು ಹಿಡಿದರೂ ಕೆರೆ ಒಂದೇ. ವರ್ಕರ್ ಎಷ್ಟು ತನಕ ಏರಬಹುದು ಅನ್ನುವುದನ್ನು ನಿರ್ಧರಿಸುವುದು ಡೇಟಾಬೇಸು, ಗೇಟ್‌ವೇ, ಬ್ಯಾಂಕಿನ ಸರ್ವರ್. ನಿಮ್ಮ ಜೇಬು ಆಮೇಲೆ. ಲೆಕ್ಕ ಹಾಕಿ, ವೆಬ್‌ನ ಪಾಲನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಹಂಚಿ, ಮೇಲಿನ ಮಿತಿಯನ್ನು ಬರೆದಿಡಿ. ನಮ್ಮದು ಈಗ 8.

ಕಾಯುವ ಹೊತ್ತನ್ನು ನೋಡಿ ಏರಿಸುವ ಕ್ರಮಕ್ಕೂ ಒಂದು ದೋಷ ಉಂಟು, ಅದನ್ನೂ ಹೇಳಬೇಕು. ಗೇಟ್‌ವೇ ಸತ್ತುಹೋಯಿತು ಅಂತ ಇಟ್ಟುಕೊಳ್ಳಿ. ಯಾವ ಮೆಸೇಜೂ ಹೋಗುವುದಿಲ್ಲ, ಪ್ರತಿ ಥ್ರೆಡ್ಡೂ ಉತ್ತರಕ್ಕಾಗಿ ಕಾದು ಕೂರುತ್ತದೆ. ಸಾಲು ಬೆಳೆಯುತ್ತದೆ. ಆಟೊಸ್ಕೇಲರ್ ಇನ್ನಷ್ಟು ವರ್ಕರ್ ಕರೆಯುತ್ತದೆ. ಬಂದವೂ ಕಾದು ಕೂರುತ್ತವೆ. ಒಂದು ಕೆಲಸವೂ ಆಗದೆ ಬಿಲ್ ಮಾತ್ರ ಏರುತ್ತದೆ. ಇದಕ್ಕೆ ಮೂರು ಕೆಲಸ ಮಾಡಿದೆವು. ಒಂದು, ಹೊರಗಿನವರ ಉತ್ತರಕ್ಕೆ 5 ಸೆಕೆಂಡಿಗಿಂತ ಜಾಸ್ತಿ ಕಾಯುವುದಿಲ್ಲ. ಎರಡು, ಸೋತ ಕೆಲಸಗಳನ್ನು ಅಂತರ ಹೆಚ್ಚಿಸುತ್ತಾ ಹೆಚ್ಚಿಸುತ್ತಾ ಮತ್ತೆ ಪ್ರಯತ್ನಿಸುವುದು. ಸೈಡ್‌ಕಿಕ್ ತಾನಾಗಿಯೇ ಹೀಗೆ 25 ಸಲ ನೋಡುತ್ತದೆ, ಸುಮಾರು ಮೂರು ವಾರದ ತನಕ. ಒಟಿಪಿಗೆ ಮಾತ್ರ ಇದನ್ನು ಬೇಡ ಅಂದೆವು. ಮೂರು ವಾರ ಕಳೆದು ಬರುವ ಒಟಿಪಿಯಿಂದ ಯಾರಿಗೆ ಉಪಯೋಗ? ಮೂರು, ಕೆಲಸಗಳು ಸೋಲುವುದು ಜಾಸ್ತಿಯಾದರೆ ಆ ಕ್ಯೂವಿಗೆ ಏರಿಸುವುದನ್ನೇ ನಿಲ್ಲಿಸಿ ನಮಗೆ ಫೋನ್ ಮಾಡುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ. ಸೊನ್ನೆಗೆ ಇಳಿಸಬಹುದಾ, ರಾತ್ರಿ ಒಂದು ವರ್ಕರೂ ಇಲ್ಲದ ಹಾಗೆ? ಇಳಿಸಬಹುದು. ಕೆಡಾದಲ್ಲಿ ಅದೇ ಮುಖ್ಯ ಅನುಕೂಲ. ನಾವೂ 'ನಾಳೆ ಬೆಳಗ್ಗೆ' ಕ್ಯೂವಿಗೆ ಕೆಲಸ ಇಲ್ಲದಾಗ ಹಾಗೆ ಮಾಡುತ್ತೇವೆ. 'ಐದು ಸೆಕೆಂಡು' ಕ್ಯೂವಿಗೆ ಮಾಡುವುದಿಲ್ಲ. ವರ್ಕರ್ ಎದ್ದು ಕಣ್ಣು ಬಿಡುವ ಹೊತ್ತಿಗೇ ಐದು ಸೆಕೆಂಡು ಕಳೆದಿರುತ್ತದೆ. ಅಲ್ಲಿ ಹಗಲು ರಾತ್ರಿ ಎರಡು ಇರುತ್ತವೆ. ಎರಡು ಯಾಕೆಂದರೆ ಒಂದು ರಿಸ್ಟಾರ್ಟ್ ಆಗುವಾಗ ಇನ್ನೊಂದು ಬೇಕು.

ಇನ್ನೊಬ್ಬಳು ಕೇಳುತ್ತಿದ್ದಾಳೆ, ಇದನ್ನು ಕಲಿಯಲು ಕ್ಲೌಡ್‌ಗೆ ದುಡ್ಡು ಕಟ್ಟಬೇಕಾ ಅಂತ. ಬೇಡ. ನಿನ್ನ ಲ್ಯಾಪ್‌ಟಾಪಿನಲ್ಲಿ ರೆಡಿಸ್ ಹಾಕು. ಮೂರು ಸೆಕೆಂಡು ಸುಮ್ನೆ ನಿದ್ದೆ ಮಾಡುವ ಒಂದು ಕೆಲಸ ಬರೆ. ಸಾಲಿಗೆ ನಾಲ್ಕು ಸಾವಿರ ಚೀಟಿ ಹಾಕು, ಅದರ ಹಿಂದೆ ಒಂದು ಒಟಿಪಿ. ಒಂದು ಟರ್ಮಿನಲ್‌ನಲ್ಲಿ ವರ್ಕರ್ ಓಡಲಿ, ಇನ್ನೊಂದರಲ್ಲಿ ಸಾಲಿನ ಮುಂದಿನ ಚೀಟಿಯ ವಯಸ್ಸನ್ನು ಸೆಕೆಂಡಿಗೊಮ್ಮೆ ಬರೆಯಿಸು. ಆಮೇಲೆ ಮೂರನೇ ಟರ್ಮಿನಲ್‌ನಲ್ಲಿ ಇನ್ನೊಂದು ವರ್ಕರ್ ಶುರು ಮಾಡು, ಸಂಖ್ಯೆ ಹೇಗೆ ಬದಲಾಗುತ್ತದೆ ನೋಡು. ಕೆಲಸದ ನಡುವೆ ಒಂದಕ್ಕೆ ಸಿಗ್‌ಟರ್ಮ್ ಕಳಿಸು, ಇನ್ನೊಂದಕ್ಕೆ ಸಿಗ್‌ಕಿಲ್. ಯಾವ ಚೀಟಿ ಎರಡು ಸಲ ಆಯಿತು, ಯಾವುದು ಕಳೆದುಹೋಯಿತು ಅಂತ ಎಣಿಸು. ಲ್ಯಾಪ್‌ಟಾಪ್ ತಂದವರು ಈ ಕಡೆಯ ಬೆಂಚಿಗೆ ಬನ್ನಿ, ಈಗಲೇ ಶುರು ಮಾಡೋಣ. ಮೋಡ ಕಟ್ಟಿದೆ, ಕರೆಂಟು ಹೋಗುವ ಮೊದಲು ಒಂದು ಸಲವಾದರೂ ಓಡಿಸಿ ನೋಡಬಹುದು.